ಎಂಟು ಗಂಟೆ ದಾರಿ, 22 ಜನ ನೆಂಟರು, ನಾಲ್ಕು ಅಡಿ ಟೆಲಿಸ್ಕೋಪು: ಈ ಸಲ ತಗೊಂಡು ಹೋಗಲೋ ಬೇಡವೋ?

ಅರ್ಧಚಂದ್ರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿಂದಿನ ಕತೆ ಸ್ವಲ್ಪ ಉದ್ದ. ಬೇಜಾರು ಮಾಡ್ಕೋಬೇಡಿ.

ಫೆಬ್ರವರಿ ಕೊನೆಯ ವಾರ ನನ್ನ ಹೆಂಡತಿಯ ದೊಡ್ಡಪ್ಪನ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದೇವೆ. ಮೂರು ರಾತ್ರಿ. ಒಟ್ಟು 22 ಜನ. ನಮ್ಮ ಕಾರಿನಲ್ಲಿ ಐದು ಜನ: ನಾನು, ಹೆಂಡತಿ, ಅತ್ತೆ, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಎಂಟು ಗಂಟೆ ದಾರಿ, ನಿಲ್ಲಿಸಿ ನಿಲ್ಲಿಸಿ ಹೋದರೆ ಹತ್ತು. ಓಡಿಸುವವನು ನಾನೊಬ್ಬನೇ. ಹೆಂಡತಿಗೆ ಲೈಸೆನ್ಸ್ ಇದೆ, ಚೆನ್ನಾಗಿಯೇ ಓಡಿಸುತ್ತಾಳೆ, ಆದರೆ ದೂರದ ದಾರಿ ಅಂದರೆ ಸ್ಟೇರಿಂಗ್ ಮುಟ್ಟುವುದಿಲ್ಲ.

ನನ್ನ ಹವ್ಯಾಸ ಆಕಾಶ ನೋಡುವುದು. 6 ಇಂಚಿನ ಕನ್ನಡಿ ಇರುವ ಟೆಲಿಸ್ಕೋಪ್ ಇದೆ. ನಮ್ಮ ತಾರಸಿಯ ಪಕ್ಕದಲ್ಲೇ ಬೀದಿದೀಪ, ಹಾಗಾಗಿ ಚಂದ್ರ, ಗುರು, ಶನಿ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ದೊಡ್ಡಪ್ಪನ ಮನೆ ಊರಾಚೆ ಇದೆ. ರಾತ್ರಿ ಅಂಗಳಕ್ಕೆ ಬಂದರೆ ಕತ್ತಲು ಅಂದರೆ ಕತ್ತಲು. ಅಲ್ಲಿಗೆ ಟೆಲಿಸ್ಕೋಪ್ ಒಯ್ಯದೆ ಹೋಗುವುದು ನನ್ನ ಮಟ್ಟಿಗೆ ಹೊಳೆ ಪಕ್ಕ ನಿಂತು ಬಾಯಾರಿಕೆ ತಡೆದುಕೊಂಡ ಹಾಗೆ.

ಆದರೆ ಎರಡು ವರ್ಷದ ಹಿಂದೆ ಒಯ್ದಿದ್ದೆ. ಆಗ ಆದದ್ದು ಇಷ್ಟು. ಅದರ ಕೊಳವೆ ಹತ್ತಿರ ಹತ್ತಿರ ನಾಲ್ಕು ಅಡಿ. ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಹಿಂದಿನ ಸೀಟಿನ ಮುಂದೆ ನೆಲದ ಮೇಲೆ ಅಡ್ಡ ಮಲಗಿಸಿದೆ. ಅತ್ತೆ ಎಂಟು ಗಂಟೆಯೂ ಅದರ ಮೇಲೆ ಕಾಲಿಟ್ಟುಕೊಂಡು ಕೂತರು. ಅದರ ಬೇಸ್‌ಗೆ ಜಾಗ ಮಾಡಲು ಡಿಕ್ಕಿಯಿಂದ ಎರಡು ಬ್ಯಾಗು ಇಳಿಸಿದ್ದೆ, ಒಂದನ್ನು ವಾಪಸ್ ಇಡಲು ಮರೆತೆ. ಆ ಬ್ಯಾಗು ಹೆಂಡತಿಯದ್ದು. ಅಲ್ಲಿ ಮುಟ್ಟಿದ ಮೇಲೆ, ಎಲ್ಲರೂ ಊಟ ಮುಗಿಸಿ ಹರಟೆಗೆ ಕೂತಾಗ ನಾನು ಸದ್ದಿಲ್ಲದೆ ಅಂಗಳಕ್ಕೆ ಜಾರಿಕೊಂಡೆ. ಮೂರು ಗಂಟೆ ಹೊತ್ತು ಯಾರಿಗೂ ಸಿಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಲಗಿದ್ದೆ. ಈ ಕತೆ ನಮ್ಮ ಮನೆಯಲ್ಲಿ ಇವತ್ತಿಗೂ ಉದಾಹರಣೆಯಾಗಿ ಬರುತ್ತದೆ, ಯಾವ ವಿಷಯಕ್ಕೆ ಬೇಕಾದರೂ.

ಈಗ ಕೇಳುವುದು: ಈ ಸಲ ಹೇಗೆ ಒಯ್ಯಲಿ? ಒಯ್ಯಲೇಬಾರದಾ? ಜೊತೆಗೆ ಮಗನಿಗೆ ಕಾರಿನಲ್ಲಿ ವಾಂತಿ ಬರುತ್ತದೆ, ಅದಕ್ಕೂ ಏನಾದರೂ ಇದ್ದರೆ ಹೇಳಿ.

ದೂರದಾರಿ:

ಟೆಲಿಸ್ಕೋಪಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಬೇರೆ. ಹತ್ತು ಗಂಟೆ ಒಬ್ಬರೇ ಓಡಿಸಿ, ಆಮೇಲೆ ಮೂರು ಗಂಟೆ ಆಕಾಶ ನೋಡಿ, ಎರಡು ದಿನ ಬಿಟ್ಟು ಮತ್ತೆ ಹತ್ತು ಗಂಟೆ ಓಡಿಸುತ್ತೀರಿ. ಮೊದಲು ಆ ಲೆಕ್ಕ ಸರಿಮಾಡಿ.

ವಾಪಸ್ ಹೊರಡುವ ಹಿಂದಿನ ರಾತ್ರಿ ಆಕಾಶ ಎಷ್ಟೇ ಚೆನ್ನಾಗಿರಲಿ, ನೀವು ಮಲಗಬೇಕು. ಇದರಲ್ಲಿ ಚೌಕಾಸಿ ಬೇಡ. ನಿದ್ದೆಗೆಟ್ಟವರಿಗೆ ಗೊತ್ತೇ ಆಗದ ಹಾಗೆ ಮೂರು ನಾಲ್ಕು ಸೆಕೆಂಡಿನ ತೂಕಡಿಕೆ ಬಂದು ಹೋಗುತ್ತದೆ. ಕಣ್ಣು ತೆರೆದೇ ಇರಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 4 ಸೆಕೆಂಡ್ ಅಂದರೆ 111 ಮೀಟರ್. ಅಷ್ಟು ದೂರ ಕಾರನ್ನು ಯಾರೂ ಓಡಿಸುತ್ತಿರುವುದಿಲ್ಲ. ಕಿಟಕಿ ತೆಗೆಯೋದು, ಹಾಡು ಜೋರಾಗಿ ಹಾಕೋದು ಇವೆಲ್ಲ ನಮ್ಮ ಸಮಾಧಾನಕ್ಕೆ. ಕೆಲಸಕ್ಕೆ ಬರುವುದು ಒಂದೇ, ನಿಲ್ಲಿಸಿ ಮಲಗುವುದು. ನಾನು ಮಾಡುವುದು ಹೀಗೆ: ಕಾಫಿ ಕುಡಿದ ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ 15-20 ನಿಮಿಷ ಕಣ್ಣು ಮುಚ್ಚುತ್ತೇನೆ. ಕಾಫಿ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು, ಎದ್ದೇಳುವ ಹೊತ್ತಿಗೆ ಅದೂ ಶುರುವಾಗಿರುತ್ತದೆ. ಮಧ್ಯಾಹ್ನ ಊಟದ ನಂತರ 2ರಿಂದ 4, ಆಮೇಲೆ ನಡುರಾತ್ರಿಯಿಂದ ಬೆಳಗಿನ 6, ಈ ಎರಡು ಹೊತ್ತಿನಲ್ಲಿ ಮೈ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. "ಬೆಳಗಿನ ಜಾವ ಮೂರಕ್ಕೆ ಹೊರಟರೆ ಟ್ರಾಫಿಕ್ ಇರಲ್ಲ" ಅನ್ನುವ ಬುದ್ಧಿವಂತರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಅವರ ಮಾತಿಗೆ ತಲೆ ಆಡಿಸಿ ಆರಕ್ಕೆ ಹೊರಡಿ.

ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ. ನಿಮಗೆ ಬೇಕು ಅನ್ನಿಸುವವರೆಗೆ ಕಾಯಬೇಡಿ.

ನಿಮ್ಮ ಹೆಂಡತಿಗೆ ಮೊದಲ ಒಂದೂವರೆ ಗಂಟೆ ಕೊಡಿ. ಬೆಳಗಿನ ಹೊತ್ತು, ದಾರಿ ಖಾಲಿ, ಗೊತ್ತಿರುವ ರಸ್ತೆ. ನನ್ನ ಅಕ್ಕನೂ ಹೀಗೇ ಮುಟ್ಟಲ್ಲ ಅನ್ನುತ್ತಿದ್ದಳು. ಆಮೇಲೆ ಗೊತ್ತಾಯಿತು, ಅವಳಿಗೆ ರಸ್ತೆಯ ಭಯ ಇರಲಿಲ್ಲ, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕ್ ತುಳಿಯುವ ಭಾವನ ಕಾಟ ಇತ್ತು. ನೀವು ಹಿಂದೆ ಕೂತು ನಿದ್ದೆ ಮಾಡಿ.

ಟೈರಿನ ಗಾಳಿ ಹೊರಡುವ ಮುಂಚೆ, ಗಾಡಿ ತಣ್ಣಗಿದ್ದಾಗ ನೋಡಿ. ಐದು ಜನ, ತುಂಬಿದ ಡಿಕ್ಕಿ ಅಂದರೆ ದಿನದ ಗಾಳಿ ಸಾಲದು. ತುಂಬಿದ ಗಾಡಿಗೆ ಎಷ್ಟು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿಯೇ ಬರೆದಿರುತ್ತದೆ. ದಾರಿಯಲ್ಲಿ ಟೈರು ಬಿಸಿಯಾಗಿ ಗಾಳಿ ಜಾಸ್ತಿ ತೋರಿಸಿದರೆ ಅದನ್ನು ಹೊರಗೆ ಬಿಡಬೇಡಿ, ಅದು ಇರುವುದೇ ಹಾಗೆ. ಸ್ಟೆಪ್ನಿಗೂ ಗಾಳಿ ನೋಡಿ. ಹೋದ ಸಲ ನನ್ನದು ಪಂಕ್ಚರ್ ಆದಾಗ ಸ್ಟೆಪ್ನಿ ತೆಗೆಯಲು ಇಡೀ ಡಿಕ್ಕಿ ರಸ್ತೆಗೆ ಇಳಿಸಬೇಕಾಯಿತು. ಇಳಿಸಿದೆವು. ನೋಡಿದರೆ ಅದರಲ್ಲೂ ಗಾಳಿ ಇಲ್ಲ.

ಇನ್ನೊಂದು. ಟ್ರೈಪಾಡು, ಕೊಳವೆ ಇಂಥದ್ದನ್ನು ಜನರ ತಲೆಯ ಹಿಂದೆ ಸಡಿಲವಾಗಿ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಅದು ಮುಂದಕ್ಕೆ ಹಾರಿ ಬರುತ್ತದೆ.

ರಾತ್ರಿಪಾಳಿ:

ನಾನೂ ನಿಮ್ಮ ಜಾತಿಯೇ, 19 ವರ್ಷದಿಂದ. ಹೇಳುವುದಕ್ಕೆ ಸಂಕಟ, ಆದರೂ ಹೇಳುತ್ತೇನೆ: ಟೆಲಿಸ್ಕೋಪ್ ಮನೆಯಲ್ಲೇ ಬಿಡಿ. ಬೈನಾಕ್ಯುಲರ್ ಒಯ್ಯಿರಿ.

ಮೊದಲು ಆ ವಾರ ಚಂದ್ರ ಎಲ್ಲಿದ್ದಾನೆ ಅಂತ ನೋಡಿದ್ದೀರಾ? ನಿಮ್ಮ ಹೆಸರೇ ಅರ್ಧಚಂದ್ರ, ಕೇಳಬಾರದು. ನೀವು ಸೇರುವುದು ಶುಕ್ಲ ಪಕ್ಷದ ಅಷ್ಟಮಿ ಆಸುಪಾಸಿನಲ್ಲಿ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ ಲೆಕ್ಕ. ಅರ್ಧಚಂದ್ರ ಸಂಜೆ ಎತ್ತರದಲ್ಲಿ ಇರುತ್ತಾನೆ, ನಡುರಾತ್ರಿಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಅಂದರೆ ರಾತ್ರಿ ತಾನಾಗಿಯೇ ಎರಡು ಭಾಗ ಆಯಿತು. ಮೊದಲರ್ಧ ನೆಂಟರದ್ದು, ಎರಡನೇ ಅರ್ಧ ನಿಮ್ಮದು. ಕತ್ತಲಿನ ಆಕಾಶ ಬೇಕು ಅಂತ ಊಟದ ಹೊತ್ತಿಗೆ ಮಾಯವಾಗುವ ಅಗತ್ಯವೇ ಇಲ್ಲ, ಚಂದ್ರ ಇರುವಾಗ ಆ ಮಬ್ಬು ಗೆಲಾಕ್ಸಿಗಳು ನಿಮಗೆ ಹೇಗೂ ಸಿಗುವುದಿಲ್ಲ.

ಮನೆ ಮಂದಿಗೆ ಚಂದ್ರನನ್ನು ತೋರಿಸಲು ಅಷ್ಟಮಿಗಿಂತ ಒಳ್ಳೆಯ ದಿನ ಇಲ್ಲ. ಹುಣ್ಣಿಮೆ ಚಂದ್ರ ತಟ್ಟೆಯ ಹಾಗೆ ಚಪ್ಪಟೆ, ಎದುರಿನಿಂದ ಬೆಳಕು ಬಿದ್ದು ನೆರಳೇ ಇರುವುದಿಲ್ಲ. ಅರ್ಧಚಂದ್ರನ ಬೆಳಕು ಮತ್ತು ಕತ್ತಲು ಸೇರುವ ಗೆರೆ ಇದೆಯಲ್ಲ, ಅಲ್ಲಿ ಸೂರ್ಯನ ಬೆಳಕು ಓರೆಯಾಗಿ ಬೀಳುತ್ತದೆ. ಪ್ರತಿಯೊಂದು ಕುಳಿಗೂ ಉದ್ದ ನೆರಳು. 10 ಪಟ್ಟು ದೊಡ್ಡದು ಮಾಡುವ ಸಾಧಾರಣ ಬೈನಾಕ್ಯುಲರಿನಲ್ಲೇ ಆ ಕುಳಿಗಳು ಕಾಣುತ್ತವೆ.

ನನ್ನ ಹತ್ತಿರ ಇರುವುದು 10x50, ಅಂದರೆ ಹತ್ತು ಪಟ್ಟು, ಮುಂದಿನ ಗಾಜು 50 ಮಿಲಿಮೀಟರ್. ತೂಕ ಸುಮಾರು ಒಂದು ಕಿಲೋ. ಕೈಯಲ್ಲಿ ಹಿಡಿದರೆ ನಡುಗುತ್ತದೆ, ಹಾಗಾಗಿ ಕ್ಯಾಮೆರಾ ಟ್ರೈಪಾಡಿಗೆ ಕೂರಿಸುವ ಒಂದು ಚಿಕ್ಕ ಎಲ್ ಆಕಾರದ ತುಂಡು ಸಿಗುತ್ತದೆ, ತಗೊಳ್ಳಿ. ಆ ತುಂಡಿನಿಂದ ಆಗುವ ವ್ಯತ್ಯಾಸ ನಂಬೋಕಾಗಲ್ಲ. ಟ್ರೈಪಾಡ್ ಇಲ್ಲದಿದ್ದರೆ ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈ ಎದೆಗೆ ಒತ್ತಿಕೊಂಡು ನೋಡಿ. ಗುರು ಸಂಜೆ ಮೇಲಿದ್ದರೆ ಅವನ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಚುಕ್ಕಿಗಳು ಕಾಣುತ್ತವೆ. ಗೆಲಿಲಿಯೋ 1610ರಲ್ಲಿ ಕಂಡ ಅದೇ ನಾಲ್ಕು ಚಂದ್ರಗಳು. ಮಗಳಿಗೆ ಇವತ್ತು ಎಲ್ಲಿವೆ ಅಂತ ಹಾಳೆಯಲ್ಲಿ ಚುಕ್ಕಿ ಇಡಲು ಹೇಳಿ, ಮಾರನೇ ರಾತ್ರಿ ಮತ್ತೆ ಇಡಲಿ. ಜಾಗ ಬದಲಾಗಿರುತ್ತದೆ. ಹತ್ತು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಕೃತ್ತಿಕೆಯನ್ನು ತೋರಿಸಲು ಟೆಲಿಸ್ಕೋಪಿಗಿಂತ ಬೈನಾಕ್ಯುಲರೇ ಮೇಲು. ಬರಿಗಣ್ಣಿಗೆ ಆರೋ ಏಳೋ ಕಾಣುವ ಜಾಗದಲ್ಲಿ ಹತ್ತಾರು ನಕ್ಷತ್ರ ಸುರಿಯುತ್ತವೆ. ಟೆಲಿಸ್ಕೋಪಿನಲ್ಲಿ ಗೊಂಚಲು ಪೂರ್ತಿ ಹಿಡಿಸುವುದೇ ಕಷ್ಟ. ಮೃಗಶಿರ ಇರುವ ಒರಾಯನ್ ನಕ್ಷತ್ರಪುಂಜದ ಮೂರು ನಕ್ಷತ್ರಗಳ ಪಟ್ಟಿಯಿಂದ ಇಳಿಬಿದ್ದ ಕತ್ತಿಯ ಹಾಗಿನ ಸಾಲಿನ ನಡುವೆ ಒಂದು ಮಂಜಿನ ತುಣುಕು ಇದೆ, ಅರ್ಧಚಂದ್ರನ ಬೆಳಕಿನಲ್ಲೂ ಕಾಣುತ್ತದೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ಆದರೆ ನೆಂಟರಿಗೆ ಈ ಸಂಖ್ಯೆ ಹೇಳಬೇಡಿ. ಕೇಳಿದರೆ ಹೇಳಿ. ನಾನು ಮೊದಮೊದಲು ಕಣ್ಣಿಟ್ಟವರ ಕಿವಿಯಲ್ಲಿ ಪಾಠ ಮಾಡುತ್ತಿದ್ದೆ, ಜನ ಕಣ್ಣು ತೆಗೆದು ನನ್ನ ಕಡೆ ತಿರುಗಿ ಮರ್ಯಾದೆಗೆ ಹೂಂ ಅನ್ನುತ್ತಿದ್ದರು. ನೋಡೋದು ಅಲ್ಲಿಗೆ ನಿಂತುಹೋಗುತ್ತಿತ್ತು.

ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಯಾರೋ ಒಬ್ಬ ಭಾವಮೈದುನ ಮೊಬೈಲ್ ಟಾರ್ಚ್ ಹಾಕಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮಬ್ಬಾದ ಕೆಂಪು ಬೆಳಕಿಗೆ ಕಣ್ಣು ಅಷ್ಟು ಬೆದರುವುದಿಲ್ಲ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ನಗುತ್ತಾ ಹೇಳುತ್ತಿಲ್ಲ. ಹಗಲಲ್ಲಿ ಬೈನಾಕ್ಯುಲರನ್ನು ಮಕ್ಕಳ ಕೈಗೆ ಎಟುಕುವ ಹಾಗೆ ಬಿಡಬೇಡಿ. ಒಂದು ಸಲ ನಾನು ರಾತ್ರಿ ನೋಡಿದ ಮೇಲೆ ಟೆಲಿಸ್ಕೋಪನ್ನು ಅಂಗಳದಲ್ಲೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ಬಂದರೆ ಅಕ್ಕನ ಮಗ ಅದನ್ನು ಸೂರ್ಯನ ಕಡೆ ತಿರುಗಿಸುತ್ತಿದ್ದ, ಇನ್ನೇನು ಕಣ್ಣು ಇಡಬೇಕು. ಕೂಗಿದ ಕೂಗಿಗೆ ಇಡೀ ಮನೆ ಹೊರಗೆ ಬಂತು. ಅದರ ಮೂಲಕ ಸೂರ್ಯನನ್ನು ನೋಡಿದರೆ ಕ್ಷಣದಲ್ಲಿ ಕಣ್ಣಿನ ಒಳಪದರ ಸುಡುತ್ತದೆ, ನೋವೂ ಗೊತ್ತಾಗುವುದಿಲ್ಲ, ಹೋದ ದೃಷ್ಟಿ ವಾಪಸ್ ಬಾರದೆ ಇರಬಹುದು. ಆವತ್ತಿಂದ ನೋಡಿ ಮುಗಿದ ಕೂಡಲೇ ಪೆಟ್ಟಿಗೆಗೆ, ಪೆಟ್ಟಿಗೆ ಅಟ್ಟದ ಮೇಲೆ.

ಹಿಂದಿನಸೀಟು:

ನಾನು ಹವ್ಯಾಸ ಇರುವವರ ಹೆಂಡತಿ. ಇನ್ನೊಂದು ಕಡೆಯ ಮಾತೂ ಸ್ವಲ್ಪ ಕೇಳಿಸಿಕೊಳ್ಳಿ.

ನಮ್ಮ ಯಜಮಾನರಿಗೆ ಹಕ್ಕಿ. ತಂತಿಯ ಮೇಲೆ ಏನಾದರೂ ಕೂತಿದ್ದರೆ ಸಾಕು, ಕಾರು ಪಕ್ಕಕ್ಕೆ. ಇಂಡಿಕೇಟರ್ ಕೂಡ ಹಾಕದೆ. ಒಂದು ಸಲ ಆರು ಗಂಟೆಯ ದಾರಿ ಹತ್ತು ಗಂಟೆ ಆಯಿತು, ನಾವು ಮುಟ್ಟುವ ಹೊತ್ತಿಗೆ ನಾದಿನಿಯ ಮಗುವಿನ ಹುಟ್ಟುಹಬ್ಬದ ಕೇಕ್ ಕತ್ತರಿಸಿ, ತಟ್ಟೆ ತೊಳೆದೂ ಆಗಿತ್ತು. ನನಗೆ ಹಕ್ಕಿ ಮೇಲೆ ಸಿಟ್ಟಿಲ್ಲ. ಯಾವಾಗ ನಿಲ್ಲುತ್ತೇವೆ, ಎಷ್ಟು ಹೊತ್ತು ಅಂತ ಗೊತ್ತೇ ಇಲ್ಲದೆ ಬಿಸಿಲಲ್ಲಿ ಕಾರೊಳಗೆ ಕೂರಬೇಕಲ್ಲ, ಸಿಟ್ಟು ಅದಕ್ಕೆ.

ಈಗ ನಮ್ಮಲ್ಲಿ ಒಂದು ಒಪ್ಪಂದ ಇದೆ. ಒಂದು ಪ್ರಯಾಣಕ್ಕೆ ಮೂರು ನಿಲುಗಡೆ ಅವರದ್ದು. ತಲಾ ಹತ್ತು ನಿಮಿಷ. ಯಾವ ಹಕ್ಕಿಗೆ ಖರ್ಚು ಮಾಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ನೀವು ನಂಬಲ್ಲ, ಮೊದಲ ಸಲ ಅವರು ಮೂರನೆಯದನ್ನು ಉಳಿಸಿಕೊಂಡು ಉಳಿಸಿಕೊಂಡು ಕೊನೆಗೆ ಖರ್ಚೇ ಮಾಡದೆ ಮನೆಗೆ ಬಂದರು. ಈಗ ನಾವೂ ಕಿಟಕಿಯಲ್ಲಿ ನೋಡಿ "ಇದಕ್ಕೆ ನಿಲ್ಲಿಸ್ತೀರಾ?" ಅಂತ ಕೇಳುತ್ತೇವೆ.

ನಿಮ್ಮ ವಿಷಯದಲ್ಲೂ ಅಷ್ಟೇ. ನೀವು ಆಕಾಶ ನೋಡಿದ್ದಕ್ಕೆ ಯಾರಿಗೂ ಬೇಜಾರಾಗಿರಲ್ಲ. ಹೇಳದೆ ಎದ್ದುಹೋದದ್ದಕ್ಕೆ ಆಗಿರುತ್ತದೆ. ನೀವು ಅಂಗಳದಲ್ಲಿದ್ದ ಆ ಮೂರು ಗಂಟೆ ಮಕ್ಕಳನ್ನು ಮಲಗಿಸಿದ್ದು ಯಾರು? ಎಲ್ಲಿ ನಿಮ್ಮವರು, ಎಲ್ಲಿ ನಿಮ್ಮವರು ಅಂತ 20 ಜನ ಕೇಳಿದಾಗ ಉತ್ತರ ಕೊಟ್ಟದ್ದು ಯಾರು? ಬದಲಿಸಿಕೊಳ್ಳಲು ಬಟ್ಟೆ ಇಲ್ಲದೆ, ಬೇರೆ. ಅದನ್ನು ಯೋಚನೆ ಮಾಡಿ. ಈ ಸಲ ಹೊರಡುವ ಮುಂಚೆಯೇ ಹೇಳಿ: ಎರಡನೇ ರಾತ್ರಿ ಇಷ್ಟು ಗಂಟೆಯಿಂದ ಇಷ್ಟರವರೆಗೆ ನನ್ನದು, ಬದಲಿಗೆ ಮಾರನೇ ಬೆಳಿಗ್ಗೆ ಮಕ್ಕಳು ನನ್ನ ಪಾಲು, ನೀನು ಮಲಗು. ಹತ್ತು ಗಂಟೆವರೆಗೆ.

ವಾಂತಿ ವಿಷಯ. ನನ್ನ ದೊಡ್ಡ ಮಗನಿಗೂ ಹನ್ನೆರಡು ವರ್ಷದವರೆಗೆ ಇತ್ತು, ಆಮೇಲೆ ತಾನಾಗಿಯೇ ಕಡಿಮೆಯಾಯಿತು. ಆಗುವುದು ಹೀಗಂತೆ: ಒಳಕಿವಿಯ ಸಮತೋಲನದ ಅಂಗ "ನಾವು ಚಲಿಸುತ್ತಿದ್ದೇವೆ" ಅನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು "ಇಲ್ಲ, ನಿಂತಿದ್ದೇವೆ" ಅನ್ನುತ್ತದೆ. ಮೆದುಳಿಗೆ ಗೊಂದಲ. ಹಾಗಾಗಿ ಮಗುವಿಗೆ ಹೊರಗೆ ಕಾಣಬೇಕು, ಅದೂ ಮುಂದೆ ದೂರಕ್ಕೆ. ಆರು ವರ್ಷದವರು ಹಿಂದೆ ಕೂತರೆ ಕಿಟಕಿಯೇ ಎಟುಕುವುದಿಲ್ಲ. ಮಕ್ಕಳ ಬೂಸ್ಟರ್ ಸೀಟು ಹಾಕಿದರೆ ಬೆಲ್ಟೂ ಸರಿಯಾಗಿ ಕೂರುತ್ತದೆ, ದಾರಿಯೂ ಕಾಣುತ್ತದೆ. ಮೊಬೈಲು, ಪುಸ್ತಕ ಬೇಡ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ, ಅದು ಹೊರಡುವ ಮುಂಚೆ ಕೊಟ್ಟರೆ ಮಾತ್ರ ಕೆಲಸ ಮಾಡುವುದು, ಹೊಟ್ಟೆ ತೊಳೆಸಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಅಂಥ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುತ್ತವೆ, ಓಡಿಸುವವರು ಮುಟ್ಟಬೇಡಿ. ಒಂದು ಜೊತೆ ಬಟ್ಟೆ, ಒದ್ದೆ ಬಟ್ಟೆ, ಗಟ್ಟಿ ಚೀಲ ಇವು ಕೈಗೆ ಸಿಗುವಲ್ಲಿ ಇರಲಿ, ಡಿಕ್ಕಿಯ ತಳದಲ್ಲಿ ಅಲ್ಲ.

ನನ್ನ ಹವ್ಯಾಸ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ, ಕ್ರೋಶಾ. ಒಂದು ಕಡ್ಡಿ, ಒಂದು ಉಂಡೆ ನೂಲು, ಡಿಕ್ಕಿಯಲ್ಲಿ ಜಾಗವೇ ಬೇಡ. ಕೆಳಗೆ ನೋಡಿದರೆ ನನಗೂ ತಲೆಸುತ್ತು, ಅದಕ್ಕೆ ಕಾರಿನಲ್ಲಿ ಬರೀ ನೇರ ಸಾಲು, ಬೆರಳಲ್ಲೇ ಎಣಿಸಿಕೊಂಡು. ನಾನು ಹಾಕಿದ ಎಲ್ಲ ಹೊದಿಕೆಗಳ ನಡುವಿನ ಭಾಗ ಹೆದ್ದಾರಿಯಲ್ಲಿ ಆದದ್ದು. ಎಲ್ಲಿ ಗುಂಡಿ ಬಂತು ಅಂತ ನೋಡಿದರೆ ಗೊತ್ತಾಗುತ್ತದೆ.

ಒಂಟಿಸಲಗ:

ಎಲ್ಲರೂ ಇಷ್ಟೊಂದು ಯಾಕೆ ಬರೆಯುತ್ತಿದ್ದೀರಿ? ಮೂರು ದಿನ ನೆಂಟರ ಜೊತೆ ಇರಲಿಕ್ಕೆ ಹೋಗುತ್ತಿದ್ದೀರಿ. ಇರಿ. ನಕ್ಷತ್ರ ಎಲ್ಲೂ ಓಡಿಹೋಗಲ್ಲ. ದೊಡ್ಡಪ್ಪ, ದೊಡ್ಡಮ್ಮ ಹಾಗಲ್ಲ.

ಅರ್ಧಚಂದ್ರ:

ಒಂಟಿಸಲಗ ಅವರೇ, ಮಾತು ಚುರುಕ್ ಅಂತು, ಒಪ್ಪಿದೆ. ಆದರೆ ನನ್ನಂಥವನ ಕಷ್ಟವೂ ಸ್ವಲ್ಪ ಇದೆ. 22 ಜನರ ನಡುವೆ ಕೂತರೆ ಒಂದೆರಡು ಗಂಟೆ ಬಿಟ್ಟು ನನಗೆ ಮಾತೇ ಹೊರಡುವುದಿಲ್ಲ. ಸಂಬಳ ಎಷ್ಟು, ಮನೆ ಯಾವಾಗ ಕಟ್ಟುತ್ತೀರಿ, ತೂಕ ಜಾಸ್ತಿ ಆಗಿದೆ ಅಲ್ವಾ. ಟೆಲಿಸ್ಕೋಪು ನನಗೆ ಎದ್ದು ಹೊರಗೆ ಹೋಗಲು ಒಂದು ನೆಪವೂ ಹೌದು. ಹಿಂದಿನಸೀಟು ಅವರು ಬರೆದದ್ದನ್ನು ಹೆಂಡತಿಗೆ ತೋರಿಸಿದೆ. ಓದಿದಳು. "ಇವರ ನಂಬರ್ ಸಿಗುತ್ತಾ?" ಅಂದಳು.

ಬೈನಾಕ್ಯುಲರ್ ಅಂತ ನಿರ್ಧಾರ. ಅಷ್ಟಮಿ ಎರಡನೇ ರಾತ್ರಿಗೇ ಬೀಳುತ್ತದೆ.

ಹಳೆಆಲ್ಬಂ:

ತಡವಾಗಿ ನೋಡಿದೆ. ಮಾತು ಹೊರಡುವುದಿಲ್ಲ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನೂ ಹಾಗೇ ಇದ್ದವಳು. ಈಗ ಕುಟುಂಬದ ಹಳೆ ಫೋಟೋ, ಹಿರಿಯರ ಮಾತು ಕೂಡಿಸುವುದು ನನ್ನ ಹವ್ಯಾಸ. ಮಾತಾಡಲು ಬರದವರಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಇಲ್ಲಿ ಕೇಳಿಸಿಕೊಳ್ಳುವುದೇ ಕೆಲಸ.

"ನಿಮ್ಮ ಕಾಲದ ಕತೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಏನಿದೆ ಹೇಳೋಕೆ ಅನ್ನುತ್ತಾರೆ. ಒಂದು ಫೋಟೋ ಕೈಗೆ ಕೊಡಿ. ಮೂಲೆಯಲ್ಲಿ ನಿಂತ ಯಾರನ್ನಾದರೂ ತೋರಿಸಿ "ಇವರು ಯಾರು?" ಅಂತ ಕೇಳಿ. ನಡುವೆ ನಿಂತವರ ಕತೆ ಎಲ್ಲರಿಗೂ ಗೊತ್ತಿರುತ್ತದೆ, ಕತೆ ಇರುವುದು ಮೂಲೆಯವರ ಹತ್ತಿರ. ನಮ್ಮ ಚಿಕ್ಕಜ್ಜಿ ಹೀಗೆ ಒಂದು ಫೋಟೋದಲ್ಲಿ ಬಾಗಿಲ ಹಿಂದೆ ಕಾಣುವ ಬರೀ ಒಂದು ಕೈ ನೋಡಿ ಮುಕ್ಕಾಲು ಗಂಟೆ ಮಾತಾಡಿದರು.

ಮೊಬೈಲಲ್ಲಿ ರೆಕಾರ್ಡ್ ಮಾಡುವುದಾದರೆ ಅವರಿಗೆ ಹೇಳಿಯೇ ಮಾಡಿ. ಏರ್‌ಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ನನಗೆ ಹಾಗೆ ಅತಿ ಮುಖ್ಯವಾದ ಇಪ್ಪತ್ತು ನಿಮಿಷ ಹೋಗಿದೆ. ಫ್ಯಾನ್ ಆರಿಸಿ. ಫೋನನ್ನು ಬರಿ ಮೇಜಿನ ಮೇಲೆ ಇಡಬೇಡಿ, ಮಡಚಿದ ಟವೆಲ್ ಮೇಲೆ ಇಡಿ, ಲೋಟ ಇಟ್ಟ ಸದ್ದು ಸಿಡಿಲಿನ ಹಾಗೆ ಬರುವುದಿಲ್ಲ. ಮೊದಲಿಗೆ ತಾರೀಖು, ಯಾರು ಯಾರು ಇದ್ದೇವೆ ಅಂತ ನೀವೇ ಹೇಳಿ ಶುರುಮಾಡಿ. ಹತ್ತು ವರ್ಷ ಬಿಟ್ಟು ಕೇಳುವವರಿಗೆ ಅದು ಬೇಕು.

ಫೋಟೋ ಅಂಟಿಕೊಂಡಿದ್ದರೆ ಕೀಳಬೇಡಿ, ಬಣ್ಣದ ಪದರ ಕಿತ್ತು ಬರುತ್ತದೆ. ಆಲ್ಬಮ್ಮಿನಲ್ಲೇ ಇಟ್ಟು, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಹಿಂದೆ ಹೆಸರು ಬರೆಯಲು ಬಾಲ್‌ಪೆನ್ ಬೇಡ, ಒತ್ತು ಈ ಕಡೆಗೆ ಮೂಡುತ್ತದೆ. ಮೆತ್ತಗಿನ ಪೆನ್ಸಿಲ್ ಸಾಕು.

ಮತ್ತೆ ಅತ್ತೆ ಹತ್ತು ಗಂಟೆ ನಿಮ್ಮ ಜೊತೆ ಕಾರಿನಲ್ಲೇ ಇರುತ್ತಾರೆ ಅಂತ ಬರೆದಿದ್ದೀರಿ. ಎದುರುಬದುರು ಕೂತು ಹೇಳದ್ದನ್ನು ಜನ ಮುಂದಕ್ಕೆ ನೋಡುತ್ತಾ ಹೇಳುತ್ತಾರೆ. ರಸ್ತೆ ನೋಡುತ್ತಾ ಸುಮ್ನೆ ಒಂದು ಪ್ರಶ್ನೆ ಹಾಕಿ ಬಿಡಿ.

ಅರ್ಧಚಂದ್ರ:

ವಾಪಸ್ ಬಂದೆವು. ಏನಾಯಿತು ಅಂತ ಹೇಳುತ್ತೇನೆ.

ಹೋಗುವಾಗ ಮೊದಲ ಒಂದೂವರೆ ಗಂಟೆ ಹೆಂಡತಿ ಓಡಿಸಿದಳು. ನಾನು ಹಿಂದೆ ಕೂತೆ. ಬಲಗಾಲು ನಾಲ್ಕು ಸಲ ತಾನಾಗಿಯೇ ನೆಲ ತುಳಿಯಿತು, ಯಾರಿಗೂ ಕಾಣಲಿಲ್ಲ. ಅತ್ತೆ ಮುಂದೆ ಕೂತಿದ್ದರು. ಅಮ್ಮ ಮಗಳು ಏನೋ ಮಾತಾಡುತ್ತಿದ್ದರು, ನಾನು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿದೆ ಅಂದುಕೊಂಡರು. ಅತ್ತೆಗೆ 19ನೇ ವಯಸ್ಸಿನಲ್ಲಿ ದೂರದ ಊರಲ್ಲಿ ಟೀಚರ್ ಕೆಲಸ ಸಿಕ್ಕಿತ್ತಂತೆ, ಮನೆಯಲ್ಲಿ ಕಳಿಸಲಿಲ್ಲವಂತೆ. ಮದುವೆಯಾದ ಹನ್ನೆರಡು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಹೆಂಡತಿಗೂ. ನನ್ನ ಸರದಿ ಬಂದ ಮೇಲೆ ಯಾವ ಊರು, ಹೇಗೆ ಹೋಗಬೇಕಿತ್ತು ಅಂತ ಒಂದೊಂದೇ ಕೇಳಿದೆ. ಹೇಳಿದರು. ರೆಕಾರ್ಡ್ ಮಾಡಲಿಲ್ಲ, ಕೇಳಲು ಧೈರ್ಯ ಬರಲಿಲ್ಲ.

ಮಗ ಬೂಸ್ಟರ್ ಸೀಟಿನಲ್ಲಿ ಎಂಟು ಗಂಟೆ ಚೆನ್ನಾಗಿದ್ದ. ಮನೆ ಮುಟ್ಟಲು ಇಪ್ಪತ್ತು ನಿಮಿಷ ಇದ್ದಾಗ, ತಿರುವಿನ ರಸ್ತೆಯಲ್ಲಿ, ಅಕ್ಕನ ಕೈಯಿಂದ ಮೊಬೈಲ್ ಕಿತ್ತುಕೊಂಡು ನೋಡಿದ. ಚೀಲ ಕೈಗೆ ಸಿಗುವಲ್ಲೇ ಇತ್ತು.

ಮೊದಲ ರಾತ್ರಿ ಮೋಡ. ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು, ಎಲ್ಲರ ಜೊತೆ ಕೂತೆ. ಎರಡನೇ ರಾತ್ರಿ ಊಟಕ್ಕೆ ಮೊದಲೇ ಅಂಗಳದಲ್ಲಿ ಟ್ರೈಪಾಡ್ ಹಾಕಿ ಬೈನಾಕ್ಯುಲರ್ ಕೂರಿಸಿದೆ. ಮಕ್ಕಳ ಸಾಲು. ರಾತ್ರಿಪಾಳಿ ಅವರು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಮೇಲೆ ದೊಡ್ಡಪ್ಪ ಬಂದರು. 81 ವರ್ಷ. ನಾನು ಏನು ಮಾಡಿದರೂ "ಹೂಂ" ಅನ್ನುವವರು. ಕನ್ನಡಕ ತೆಗೆದು ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು. ಆಮೇಲೆ ಕಣ್ಣು ತೆಗೆಯದೆ, ನಿಧಾನವಾಗಿ ಒಂದು ಕೈ ಎತ್ತಿ ಗಾಜಿನ ಮುಂದೆ ಅಡ್ಡ ಹಿಡಿದರು. ತೆಗೆದರು. ಮತ್ತೆ ಹಿಡಿದರು. ನಾನು ಒಳಗೆ ಫೋಟೋ ಏನಾದರೂ ಅಂಟಿಸಿದ್ದೇನಾ ಅಂತ ಪರೀಕ್ಷೆ. "ನಿಜವಾಗ್ಲೂ ಅದೇ" ಅಂದರು, ಯಾರಿಗೆ ಅಂತಲ್ಲ. ಆಮೇಲೆ ಒಳಗೆ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದರು, ಅವರು ಬೇಡ ಬೇಡ ಅನ್ನುತ್ತಿದ್ದರು.

ಗುರುವಿನ ಪಕ್ಕ ಮಗಳಿಗೆ ಮೂರೇ ಚುಕ್ಕಿ ಸಿಕ್ಕಿತು. ನಾಲ್ಕನೆಯದು ಎಲ್ಲಿ ಅಂತ ನನ್ನನ್ನು ಬಯ್ದಳು. ಗುರುವಿನ ಮುಂದೆಯೋ ಹಿಂದೆಯೋ ಇರುತ್ತೆ ಅಂದೆ. ಮಾರನೇ ರಾತ್ರಿ ನಾಲ್ಕೂ ಇದ್ದವು.

ಎರಡನೇ ರಾತ್ರಿ ಚಂದ್ರ ಮುಳುಗುವ ಹೊತ್ತಿಗೆ, ಒಂದು ಗಂಟೆ ಇರಬೇಕು, ಹೇಳಿಯೇ ಎದ್ದು ಬಂದೆ. ನೋಡಿದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ ಮೊದಲೇ ಕೂತಿದ್ದಾರೆ, ಶಾಲು ಹೊದ್ದು. ನಿದ್ದೆ ಬರಲಿಲ್ಲವಂತೆ. ಬೈನಾಕ್ಯುಲರ್ ಕೊಟ್ಟೆ. ಸಪ್ತರ್ಷಿ ತೋರಿಸಿ, ಬಾಲದ ಕೊನೆಯಿಂದ ಎರಡನೆಯದನ್ನು ನೋಡಿ ಅಂದೆ. "ಇದರ ಪಕ್ಕ ಇನ್ನೊಂದಿದೆ" ಅಂದರು. ವಸಿಷ್ಠ, ಅರುಂಧತಿ. ನಾನು ಹೇಳುವ ಮೊದಲೇ ಕಂಡುಹಿಡಿದರು. ಎರಡೂವರೆವರೆಗೆ ಇದ್ದೆವು, ಹೆಚ್ಚು ಮಾತಿಲ್ಲ. ಬೆಳಿಗ್ಗೆ ಏಳಕ್ಕೆ ಎದ್ದು ಮಕ್ಕಳನ್ನು ನೋಡಿಕೊಂಡೆ, ಹೆಂಡತಿ ಹತ್ತೂಕಾಲಿಗೆ ಎದ್ದಳು. ಆ ಕಾಲು ಗಂಟೆ ಬಡ್ಡಿ ಅಂತೆ.

ಕೊನೆಯ ರಾತ್ರಿ ಚುಕ್ಕಿ ಎಣಿಸಿ ಬೇಗ ಮಲಗಿದೆ, ದೂರದಾರಿ ಅವರೇ.

ಈಗ ಸಮಸ್ಯೆ ಏನೆಂದರೆ, ವಾಪಸ್ ಬರುವಾಗ ಅತ್ತೆ ಕೇಳಿದರು: "ಆ ಕೊಳವೆ ತಂದಿದ್ದರೆ ಇನ್ನೂ ಚೆನ್ನಾಗಿ ಕಾಣ್ತಿತ್ತಾ?" ಹೌದು ಅಂದೆ. "ಮುಂದಿನ ಸಲ ತಗೊಂಡು ಬಾ, ನಾನು ಕಾಲಿಟ್ಟುಕೊಂಡು ಕೂರ್ತೀನಿ" ಅಂದರು. ಹಾಗೆ ಮತ್ತೆ ಕೂರಿಸುವುದು ನನಗೆ ಇಷ್ಟವಿಲ್ಲ. ಕಾರಿನ ಮೇಲೆ ಕ್ಯಾರಿಯರ್ ಹಾಕಿಸಿ ಅದರಲ್ಲಿ ಕಟ್ಟಬಹುದಾ?

ದೂರದಾರಿ:

ಟೆಲಿಸ್ಕೋಪನ್ನು ಮೇಲೆ ಕಟ್ಟಬೇಡಿ. ಅಲ್ಲಾಡಿ ಅಲ್ಲಾಡಿ ಕನ್ನಡಿ ಹಾಳಾಗುತ್ತದೆ ಅಂತ ನನ್ನಂಥವನಿಗೂ ಗೊತ್ತಾಗುತ್ತದೆ. ಹಗುರವಾದ ಬಟ್ಟೆ ಬ್ಯಾಗುಗಳು ಮೇಲೆ ಹೋಗಲಿ, ಮಳೆ ನೀರು ಹೋಗದ ಹೊದಿಕೆಯೊಳಗೆ. ಬೇಸ್ ಡಿಕ್ಕಿಗೆ. ಕೊಳವೆಯನ್ನು ಹಿಂದಿನ ಸೀಟಿನ ಮೂರನೇ ಒಂದು ಭಾಗ ಮಡಚಿ ಉದ್ದಕ್ಕೆ ಮಲಗಿಸಿ, ಕಂಬಳಿ ಸುತ್ತಿ ಬೆಲ್ಟ್ ಹಾಕಿ ಕಟ್ಟಿ. ಅಷ್ಟಾದರೆ ಹಿಂದೆ ಎರಡೇ ಸೀಟು ಉಳಿಯುತ್ತದೆ, ಒಬ್ಬರು ಬೇರೆ ಕಾರಿನಲ್ಲಿ ಬರಬೇಕು. ಮೇಲೆ ಭಾರ ಹಾಕಿದರೆ ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ, ತಿರುವಿನಲ್ಲಿ ಗಾಡಿಯೂ ವಾಲುತ್ತದೆ, ಅದೂ ತಲೆಯಲ್ಲಿರಲಿ. ಕ್ಯಾರಿಯರಿಗೆ ಎಷ್ಟು ಕಿಲೋ ಹಾಕಬಹುದು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ನೋಡಿ.

ಹಿಂದಿನಸೀಟು:

ಮತ್ತೆ ಹೆಂಡತಿಯ ಬ್ಯಾಗನ್ನು ಮೊದಲು ಇಡಿ. ಎಲ್ಲಕ್ಕಿಂತ ಮೊದಲು.